ನಿಂತ ಕಾರು ಮತ್ತು ಐದು ನಿಮಿಷದ ಉಪಚಾರ



ಶಿವಮೊಗ್ಗದಿಂದ ಸಾಗರ ರಸ್ತೆ ಹಿಡಿದು ತ್ಯಾವರೆಕೊಪ್ಪಕ್ಕೆ ಬರುವವರಲ್ಲಿ ಹೆಚ್ಚಿನವರು ಹುಲಿ, ಸಿಂಹಗಳನ್ನು ನೋಡಲು ಬರುತ್ತಾರೆ. 1988ರಲ್ಲಿ ಸಿಂಹಧಾಮ ಆರಂಭವಾದಂದಿನಿಂದ ಈ ಊರಿನ ಹೆಸರು ಹೇಳಿದರೆ ಜನರಿಗೆ ಮೊದಲು ನೆನಪಾಗುವುದು ಅದೇ. ನಮ್ಮ ಮನೆಗೆ ಬಂದವರಿಗೆ ಮಾತ್ರ ಬೇರೊಂದು ಪ್ರಾಣಿಯ ದರ್ಶನವಾಗುತ್ತಿತ್ತು: ಹಳೆಯ ಕೊಟ್ಟಿಗೆಯಲ್ಲಿ ನೀಲಿ ಟಾರ್ಪಾಲು ಹೊದ್ದು ಮಲಗಿದ್ದ ನನ್ನ ಮಗನ ಕಾರು.

2023ರ ಮಾರ್ಚಿನಲ್ಲಿ ಉದ್ಯೋಗಕ್ಕಾಗಿ ವಿದೇಶಕ್ಕೆ ಹೊರಟ ಮಗ ಅದನ್ನು ಬೆಂಗಳೂರಿನಿಂದ ತಂದು ನಿಲ್ಲಿಸಿ, ಕೀಲಿಕೈಯನ್ನು ನನ್ನ ಕೈಗಿತ್ತು, "ಅಪ್ಪ, ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ, ಅಷ್ಟು ಸಾಕು" ಎಂದಿದ್ದ. ನನಗೆ ಕಾರು ಓಡಿಸಲು ಬಾರದು. ಆದರೆ ಕೀಲಿ ತಿರುಗಿಸಲು ಅಡ್ಡಿಯೇನು? ಪ್ರತಿ ಭಾನುವಾರ ಸ್ನಾನ ಮುಗಿಸಿ, ಗಡಿಯಾರ ನೋಡಿಕೊಂಡು, ಹಾಜರಿ ಹಾಕುವ ಶ್ರದ್ಧೆಯಿಂದ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುತ್ತಿದ್ದೆ. ಎರಡನೆಯ ಮಳೆಗಾಲದ ಒಂದು ಭಾನುವಾರ ಅದು ಕೆಮ್ಮಲೂ ಇಲ್ಲ.

ಬಂದ ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿ. ವಿಜ್ಞಾನದಲ್ಲಿ ಮೂವತ್ತೈದು ಅಂಕ ಕೊಟ್ಟು ದಾಟಿಸಿದ್ದ ಹುಡುಗ. ಬ್ಯಾಟರಿ ಸತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆದೇ ಇಟ್ಟಿದ್ದರಿಂದ ಹಿಂದಿನ ಚಕ್ರಗಳು ಕಚ್ಚಿಕೊಂಡಿದ್ದವು. ಇಲಿಗಳು ವೈರುಗಳನ್ನು ತುಂಡರಿಸಿದ್ದವು, ಸೀಟುಗಳ ಮೇಲೆ ಬೂಷ್ಟು ಹಿಡಿದಿತ್ತು, ಸೈಲೆನ್ಸರ್ ಒಳಗಿನಿಂದ ತುಕ್ಕು ತಿಂದಿತ್ತು. ನಾನು ಭಾನುವಾರದ ಉಪಚಾರವನ್ನು ಹೆಮ್ಮೆಯಿಂದ ಹೇಳಿಕೊಂಡೆ. ಅವನು ಸಂಕೋಚದಿಂದ, "ಸಾರ್, ಅದನ್ನು ಮಾಡದೇ ಇದ್ದಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ" ಎಂದ.

ಅವನು ವಿವರಿಸಿದ್ದು ನಾನೇ ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದ ಪಾಠವನ್ನು. ಪೆಟ್ರೋಲು ಉರಿದಾಗ ಇಂಗಾಲದ ಡೈಆಕ್ಸೈಡಿನ ಜೊತೆಗೆ ನೀರೂ ಹುಟ್ಟುತ್ತದೆ. ಒಂದು ಲೀಟರ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ದಾರಿಯಲ್ಲಿ ಓಡುವ ಕಾರಿನಲ್ಲಿ ಅದು ಆವಿಯಾಗಿ ಹೊರಟುಹೋಗುತ್ತದೆ. ಐದೇ ನಿಮಿಷ ಉರಿದು ನಿಂತ ಎಂಜಿನ್ ಸಾಕಷ್ಟು ಬಿಸಿಯಾಗುವುದಿಲ್ಲ. ಆವಿ ಸೈಲೆನ್ಸರಿನಲ್ಲಿಯೂ ಎಂಜಿನ್ ಆಯಿಲಿನಲ್ಲಿಯೂ ನೀರಾಗಿ ಉಳಿಯುತ್ತದೆ. ಸ್ಟಾರ್ಟರ್ ಹೀರಿಕೊಂಡ ವಿದ್ಯುತ್ತು ಕೂಡ ಐದು ನಿಮಿಷದಲ್ಲಿ ಬ್ಯಾಟರಿಗೆ ಪೂರ್ತಿ ಮರಳುವುದಿಲ್ಲ. ಅಂದರೆ ವಾರವಾರವೂ ನಾನು ಕಾರಿಗೆ ನೀರು ಕುಡಿಸಿ, ಬ್ಯಾಟರಿಯ ರಕ್ತ ಹೀರುತ್ತಿದ್ದೆ!

ಭದ್ರಾವತಿಯ ಶಾಲೆಯಲ್ಲಿ ನನ್ನಲ್ಲಿ ಓದಿದವರಿಗೆ ಮೂರು ಪ್ರನಾಳಗಳ ಪ್ರಯೋಗ ನೆನಪಿರಬಹುದು. ಒಂದರಲ್ಲಿ ಮೊಳೆಗೆ ನೀರು, ಗಾಳಿ ಎರಡೂ. ಇನ್ನೊಂದರಲ್ಲಿ ಕುದಿಸಿ ಆರಿಸಿದ ನೀರು, ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡು. ತುಕ್ಕು ಹಿಡಿಯುತ್ತಿದ್ದುದು ಮೊದಲನೆಯ ಮೊಳೆಗೆ ಮಾತ್ರ. ಮಲೆನಾಡಿನ ಸೆರಗಿನ ಆಷಾಢದಲ್ಲಿ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದ ಕಾರು ಆ ಮೊದಲನೆಯ ಪ್ರನಾಳವೇ. ನೆಲದ ತೇವ ಮೇಲೇರಿ, ಹೊದಿಕೆಯ ಒಳಗೇ ಬೆವರಿ, ತಗಡಿನ ಮೇಲೆಯೇ ಇಳಿಯುತ್ತದೆ. ಹೊದಿಸುವುದಿದ್ದರೆ ಗಾಳಿಯಾಡುವ ಬಟ್ಟೆಯ ಹೊದಿಕೆ ಬೇಕು. ಸೂರಿನ ಕೆಳಗೆ ಹಳೆಯ ಹತ್ತಿಯ ಬೆಡ್‌ಶೀಟೂ ಆದೀತು.

ನಮ್ಮ ತಂದೆಯವರಿಗೆ ಇದೆಲ್ಲ ಓದದೆಯೇ ತಿಳಿದಿತ್ತು. ಮಳೆ ಹಿಡಿಯುವ ಮೊದಲು ಅವರು ಎತ್ತಿನ ಗಾಡಿಯನ್ನು ಕೊಟ್ಟಿಗೆಗೆ ಎಳೆಸಿ, ಕೆಸರು ತೊಳೆಸಿ, ಒಂದು ದಿನ ಬಿಸಿಲಿಗೆ ಒಣಗಲು ಬಿಟ್ಟು, ಅಚ್ಚಿಗೆ ಕೀಲೆಣ್ಣೆ ಬಳಿದು, ಚಕ್ರ ನೆಲ ಮುಟ್ಟದಂತೆ ಅಚ್ಚಿನ ಕೆಳಗೆ ಕಲ್ಲು ಕೊಡುತ್ತಿದ್ದರು. ನೊಗ ಅಟ್ಟಕ್ಕೆ ಹೋಗುತ್ತಿತ್ತು. ಇಡೀ ಕೆಲಸಕ್ಕೆ ಒಂದು ದಿನ. ಆಮೇಲೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಕಾರಿಗೆ ಬೇಕಾದುದೂ ಆ ಒಂದು ದಿನವೇ, ಮತ್ತು ಆ ದಿನವನ್ನು ಕೊಡಬೇಕಾದವನು ಹೊರಟು ನಿಂತ ಮಾಲೀಕ. ಊರಿನಲ್ಲಿ ಉಳಿಯುವ ಮುದುಕನಲ್ಲ. ಇದು ನನ್ನ ಖಚಿತ ಅಭಿಪ್ರಾಯ. ಒಳಗೂ ಹೊರಗೂ ತೊಳೆದು ಒಣಗಿಸಬೇಕು. ಓಡಿದ ಎಂಜಿನ್ ಆಯಿಲಿನಲ್ಲಿ ಆಮ್ಲಾಂಶ ಸೇರಿರುವುದರಿಂದ ನಿಲ್ಲಿಸುವ ಮುನ್ನವೇ ಹೊಸದು ಹಾಕಿಸಬೇಕು. ಬಂದ ಮೇಲೆ ಬದಲಿಸುತ್ತೇನೆಂಬ ಜಾಣತನ ಬೇಡ. ಟ್ಯಾಂಕನ್ನು ತುಂಬಿಸಿಡಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣದ್ದು. ತೇವ ಮಿತಿ ಮೀರಿದರೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಟ್ಯಾಂಕು ತುಂಬಿದ್ದರೆ ತೇವದ ಗಾಳಿಗೆ ಅಲ್ಲಿ ಜಾಗ ಕಡಿಮೆ. ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಿ, ಬ್ಯಾಟರಿಯನ್ನು ಹೊರತೆಗೆದು, ತಿಂಗಳು ಎರಡು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಲು ಯಾರಿಗಾದರೂ ಒಪ್ಪಿಸಬೇಕು. ಗಾಡಿಗೆ ಕಲ್ಲು ಕೊಟ್ಟಂತೆ ಕಾರಿಗೂ ಭದ್ರವಾದ ಆಸರೆ ಕೊಟ್ಟರೆ ಟೈರುಗಳ ಮೇಲೆ ಭಾರ ಬೀಳದು. ಅದು ಆಗದಿದ್ದರೆ ತುಸು ಹೆಚ್ಚು ಗಾಳಿ ತುಂಬಿಸಿ, ಆಗಾಗ ಒಂದಡಿ ಮುಂದಕ್ಕೆ ತಳ್ಳಿಸಬೇಕು. ಹ್ಯಾಂಡ್‌ಬ್ರೇಕ್ ಇಳಿಸಿ, ಚಕ್ರಕ್ಕೆ ಅಡ್ಡಗಲ್ಲು ಇಡಬೇಕು. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿದರೆ ಇಲಿ ಹೊಕ್ಕದು. ಆದರೆ ಬಟ್ಟೆ ತುರುಕಿರುವುದನ್ನು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗಿಗೆ ಕಟ್ಟಿಡಿ, ಇಲ್ಲದಿದ್ದರೆ ಮರೆಯುತ್ತೀರಿ.

ವಿಮೆಯನ್ನೂ ನಿಲ್ಲಿಸಬೇಡಿ. ಅವಧಿ ಮುಗಿದು 90 ದಿನ ದಾಟಿದರೆ, ಕ್ಲೇಮ್ ಮಾಡದ ವರ್ಷಗಳಿಗಾಗಿ ಸಿಗುವ ರಿಯಾಯಿತಿ ಕೈಬಿಟ್ಟುಹೋಗುತ್ತದೆ.

ಇಷ್ಟೂ ಮಾಡಲಾಗದು ಎನ್ನುವವರು ಹೊರಡುವ ಮುನ್ನವೇ ಮಾರಿಬಿಡಿ. ನೀವು ಹೋದ ಮೇಲೆ ನಾವು ಮಾರಲಾರೆವು. 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಬೇಕಾದ ಮಾಲೀಕ ಸಮುದ್ರದಾಚೆ ಇರುತ್ತಾನೆ. ಕಾನೂನಿನ ತೊಡಕು ಹಾಗಿರಲಿ, ಮಾರುವ ಮನಸ್ಸು ನಮಗೂ ಬಾರದು. ಕಾರು ಇದೆ, ಆದುದರಿಂದ ಮಗ ಬರುತ್ತಾನೆ ಎಂದು ನನ್ನ ಹೆಂಡತಿ ನೆರೆಯವರಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಭಾನುವಾರ ಎಂಜಿನ್ ಸದ್ದಾದಾಗ ಅಡುಗೆಮನೆಯಿಂದ ಹೊರಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಐದು ನಿಮಿಷವೂ ನಿಂತಿರುತ್ತಿದ್ದಳು. ನೀವು ಬಿಟ್ಟುಹೋಗುವ ವಾಹನಕ್ಕೆ ಮನೆಯಲ್ಲಿ ಇಂಥದೊಂದು ಅರ್ಥವೂ ಹುಟ್ಟಿಕೊಳ್ಳುತ್ತದೆ ಎಂಬುದನ್ನು ನೀವು ಯೋಚಿಸಿರಲಾರಿರಿ. ನಾನೂ ಯೋಚಿಸಿರಲಿಲ್ಲ.

ದುರಸ್ತಿಯ ಖರ್ಚು ನನ್ನ ಒಂದು ತಿಂಗಳ ಪಿಂಚಣಿಯನ್ನು ನುಂಗಿತು. ಮಗ ಹಣ ಕಳುಹಿಸುತ್ತೇನೆಂದ, ಬೇಡವೆಂದೆ. ಈಗ ಕಾರು ಮೆಕ್ಯಾನಿಕ್ ಹೇಳಿದ ಕ್ರಮದಂತೆ ನಿಂತಿದೆ. ಬ್ಯಾಟರಿ ಅವನ ಅಂಗಡಿಯಲ್ಲಿದೆ. ಡಿಸೆಂಬರಿನಲ್ಲಿ ಬರುತ್ತಾನಂತೆ ಮಗ. ಬಂದವನು ಅದನ್ನು ಇಟ್ಟುಕೊಳ್ಳುವುದೋ ಮಾರುವುದೋ ತಾನೇ ನಿರ್ಧರಿಸಬೇಕು, ಮತ್ತು ಅದನ್ನು ಅಮ್ಮನಿಗೆ ತಾನೇ ಹೇಳಬೇಕು ಎಂದು ಫೋನಿನಲ್ಲಿ ತಿಳಿಸಿದ್ದೇನೆ. ಭಾನುವಾರ ಸ್ನಾನವಾದ ಮೇಲೆ ಇವಳು ಈಗಲೂ ಒಮ್ಮೆ ಕೊಟ್ಟಿಗೆಯ ಕಡೆ ನೋಡುತ್ತಾಳೆ.