ಪೆಟ್ಟಿಗೆಯೊಳಗಿನ ಕಾವು

ಮನೆಯ ಯಂತ್ರವೊಂದು ಕೆಟ್ಟಾಗ ಅದರಲ್ಲಿ ಅತ್ಯಂತ ಬೆಲೆಬಾಳುವ ಭಾಗವೇ ಕೆಟ್ಟಿರಬೇಕೆಂದು ನಂಬುವುದು ಗೃಹಸ್ಥರ ಸ್ವಭಾವ. ರೇಡಿಯೋ ಮೂಕವಾದೊಡನೆ ವಾಲ್ವು ಸುಟ್ಟಿತೆಂದು ಹಿಂದಿನವರು ಗಾಬರಿಗೊಳ್ಳುತ್ತಿದ್ದರು. ಎಷ್ಟೋ ಸಲ ಪ್ಲಗ್ಗಿನ ತಂತಿ ಕಳಚಿರುತ್ತಿತ್ತು, ಅಷ್ಟೆ. ಇಂದು ಮೇಜಿನ ಬಳಿ ಕುಳಿತಿರುವ ಕಂಪ್ಯೂಟರಿನ ಸಂಗತಿಯೂ ಹೀಗೆಯೇ. ಅದು ಕುಂಟತೊಡಗಿದರೆ ಎಲ್ಲರ ದೃಷ್ಟಿಯೂ ಹೋಗುವುದು ಪ್ರೊಸೆಸರಿನ ಮೇಲೆ. ಅದಕ್ಕೆ ಬೆಲೆ ಹೆಚ್ಚು, ಹೆಸರು ಹೆಚ್ಚು. ತಲೆಯ ಮೇಲೆ ಸದಾ ಬೀಸಣಿಗೆಯ ಉಪಚಾರ. ಮೈಯ ಕಾವನ್ನು ಅಳೆದು ತೋರಿಸಲು ತಂತ್ರಾಂಶ ಬೇರೆ. ಅದರ ಪಕ್ಕದಲ್ಲಿಯೇ, ಕಡಲೆಬೇಳೆಗಿಂತ ಹೆಚ್ಚೇನೂ ದೊಡ್ಡವಲ್ಲದ ಕೆಲವು ಕರಿಯ ಚೂರುಗಳು ಮದರ್‌ಬೋರ್ಡಿಗೆ ಅಂಟಿಕೊಂಡು ಯಾರ ಗಮನಕ್ಕೂ ಬಾರದೆ ಬೇಯುತ್ತಿರುತ್ತವೆ. ಅನೇಕ ಮನೆಗಳಲ್ಲಿ ನಿಜವಾದ ರೋಗಿ ಆ ಚೂರುಗಳೇ.

ಮಾಸ್‌ಫೆಟ್ ಎಂಬುದು ಅವುಗಳ ಹೆಸರು. 1959ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊಹಮ್ಮದ್ ಅಟಾಲಾ ಮತ್ತು ಡಾವನ್ ಕಾಂಗ್ ಎಂಬಿಬ್ಬರು ರೂಪಿಸಿದ ಸ್ವಿಚ್ಚು ಇದು. ಪ್ರೊಸೆಸರಿನ ಒಡಲಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಕೋಟಿಗಟ್ಟಲೆ ಸೇರಿರುವುದೂ ಇದೇ ಕುಲದ ಸ್ವಿಚ್ಚುಗಳೇ. ಆದರೆ ಒಳಗಿರುವವು ಲೆಕ್ಕ ಬರೆಯುವ ಗುಮಾಸ್ತರು. ಹೊರಗಿರುವವು ನೀರು ಹೊರುವ ಆಳುಗಳು. ಗುಮಾಸ್ತರಿಗೆ ಕುಡಿಯಲು ಬೇಕಾದ ವಿದ್ಯುತ್ತನ್ನು ಹದಮಾಡಿ ಒದಗಿಸುವುದೇ ಈ ಆಳುಗಳ ಕೆಲಸ.

ಈ ಹದ ಮಾಡುವುದೆಂದರೇನು? ಗೋಡೆಯ ಪ್ಲಗ್ಗಿಗೆ ಬರುವುದು 230 ವೋಲ್ಟ್. ಪೆಟ್ಟಿಗೆಯ ಮೂಲೆಯಲ್ಲಿರುವ ಎಸ್‌ಎಂಪಿಎಸ್ ಅದನ್ನು 12 ವೋಲ್ಟಿಗೆ ಇಳಿಸಿ ಮದರ್‌ಬೋರ್ಡಿಗೆ ಕೊಡುತ್ತದೆ. ಪ್ರೊಸೆಸರಿಗೆ ಬೇಕಾದುದಾದರೋ ಸುಮಾರು 1.2 ವೋಲ್ಟ್ ಮಾತ್ರ. ಮಾಸ್‌ಫೆಟ್ಟು ಈ 12 ವೋಲ್ಟಿನ ಬಾಗಿಲನ್ನು ಹತ್ತರಲ್ಲಿ ಒಂದು ಪಾಲು ಸಮಯ ತೆರೆದು, ಒಂಬತ್ತು ಪಾಲು ಸಮಯ ಮುಚ್ಚಿರುತ್ತದೆ. ಸೆಕೆಂಡಿಗೆ ಕೆಲವು ಲಕ್ಷ ಬಾರಿ ಹೀಗೆ ತೆರೆದು ಮುಚ್ಚುತ್ತದೆ. ಹೀಗೆ ಬಿಟ್ಟು ಬಿಟ್ಟು ಬಂದ ಪ್ರವಾಹವನ್ನು ಪಕ್ಕದ ತಾಮ್ರದ ಸುರುಳಿಗಳೂ ಕೆಪಾಸಿಟರುಗಳೂ ಕೂಡಿ ಒಂದೇ ಸಮನಾದ ಧಾರೆಯಾಗಿ ಮಾಡುತ್ತವೆ.

ಇಲ್ಲಿಯೇ ಇರುವುದು ತೊಡಕು. ಮೈಸೂರು ಸೀಮೆಯವರಿಗೆ ಶಿವನಸಮುದ್ರದ ಕಥೆ ಗೊತ್ತು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಒಯ್ಯುವಾಗ ಎಂಜಿನಿಯರುಗಳು ವೋಲ್ಟನ್ನು ಹಲವು ಪಟ್ಟು ಎತ್ತರಕ್ಕೆ ಏರಿಸಿಯೇ ಕಳುಹಿಸಿದರು. ವೋಲ್ಟು ಏರಿದಷ್ಟೂ ಅದೇ ಶಕ್ತಿಗೆ ಬೇಕಾದ ಆಂಪಿಯರು ಇಳಿಯುತ್ತದೆ; ತಂತಿಯಲ್ಲಿ ಕಾವಾಗಿ ಪೋಲಾಗುವ ಶಕ್ತಿಯಾದರೋ ಆಂಪಿಯರಿನ ವರ್ಗಕ್ಕೆ ಅನುಗುಣ. ಪ್ರವಾಹ ಎರಡರಷ್ಟಾದರೆ ಕಾವು ನಾಲ್ಕರಷ್ಟು. ಮದರ್‌ಬೋರ್ಡಿನಲ್ಲಿ ನಡೆಯುವುದು ಶಿವನಸಮುದ್ರದ ವಿದ್ಯೆಗೆ ನೇರ ವಿರುದ್ಧ. ಒಂದು ಪ್ರೊಸೆಸರು 120 ವಾಟ್ ಬಳಸುತ್ತದೆಂದು ಇಟ್ಟುಕೊಂಡರೆ, ಅಷ್ಟು ಶಕ್ತಿಗೆ ಗೋಡೆಯ ತಂತಿಯಲ್ಲಿ ಹರಿಯುವುದು ಸುಮಾರು ಅರ್ಧ ಆಂಪಿಯರ್, 12 ವೋಲ್ಟಿನ ತಂತಿಯಲ್ಲಿ 10 ಆಂಪಿಯರ್, 1.2 ವೋಲ್ಟಿಗೆ ಇಳಿದಾಗ 100 ಆಂಪಿಯರ್! ಇಡೀ ಮನೆಯ ಮುಖ್ಯ ಸ್ವಿಚ್ಚು ಕೂಡ ಇಷ್ಟು ಪ್ರವಾಹವನ್ನು ಕಾಣುವುದಿಲ್ಲ. ಅದನ್ನು ಹೊರುವುದು ಬೇಳೆಯಷ್ಟು ಗಾತ್ರದ ಚೂರುಗಳು.

ಈ ಪರಿವರ್ತನೆ ನೂರಕ್ಕೆ ತೊಂಬತ್ತರಷ್ಟು ಚೊಕ್ಕವಾಗಿ ನಡೆದರೂ ಸುಮಾರು 13 ವಾಟ್ ಕಾವಾಗಿ ಉಳಿಯುತ್ತದೆ. ಇದೇನು ಮಹಾ ಎನ್ನುವವರು ಮಲಗುವ ಕೋಣೆಯ ಹಳೆಯ ಜೀರೋ ಬಲ್ಬನ್ನು ಜ್ಞಾಪಿಸಿಕೊಳ್ಳಬಹುದು. ಹೆಸರಿಗೆ ಸೊನ್ನೆಯಾದರೂ ಅದು ತಿನ್ನುತ್ತಿದ್ದುದು ಸುಮಾರು 15 ವಾಟ್. ರಾತ್ರಿಯೆಲ್ಲ ಉರಿದ ಆ ಬಲ್ಬನ್ನು ಬರಿಗೈಯಲ್ಲಿ ಹಿಡಿಯಲಾಗುತ್ತಿತ್ತೆ? ಅಷ್ಟೇ ಕಾವನ್ನು ಬೆರಳಗಲದ ಜಾಗದಲ್ಲಿ, ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಹಿಡಿದಿಟ್ಟರೆ ಏನಾದೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ಸಾಲದುದಕ್ಕೆ ಮಾಸ್‌ಫೆಟ್ಟಿನ ಇನ್ನೊಂದು ದುರ್ಗುಣ: ಅದು ಬಿಸಿಯಾದಷ್ಟೂ ಅದರ ವಿದ್ಯುತ್ ನಿರೋಧ ಏರುತ್ತದೆ, ನಿರೋಧ ಏರಿದಷ್ಟೂ ಅದು ಇನ್ನಷ್ಟು ಬಿಸಿಯಾಗುತ್ತದೆ. ಸಾಲ ತೀರಿಸಲು ಸಾಲ ಮಾಡುವವನ ಪಾಡು.

ಒಳ್ಳೆಯ ಬೋರ್ಡುಗಳಲ್ಲಿ ಈ ಹೊರೆಯನ್ನು ಹಲವರಿಗೆ ಹಂಚಿರುತ್ತಾರೆ. ದೇವರ ಪಲ್ಲಕ್ಕಿಯನ್ನು ನಾಲ್ವರು ಹೊರುವುದಕ್ಕೂ ಎಂಟು ಮಂದಿ ಹೊರುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ. ಇಂತಹ ಒಂದೊಂದು ಜೊತೆಗೆ ಫೇಸ್ ಎಂದು ಹೆಸರು. 100 ಆಂಪಿಯರನ್ನು ನಾಲ್ಕು ಫೇಸುಗಳು ಹೊತ್ತರೆ ಒಂದೊಂದಕ್ಕೆ 25. ಎಂಟು ಹೊತ್ತರೆ ಹನ್ನೆರಡೂವರೆ. ಜೊತೆಗೆ ಅವುಗಳ ಬೆನ್ನ ಮೇಲೆ ಅಲ್ಯೂಮಿನಿಯಮ್ಮಿನ ಹೀಟ್‌ಸಿಂಕ್ ಕೂರಿಸಿರುತ್ತಾರೆ. ಅಗ್ಗದ ಬೋರ್ಡುಗಳಲ್ಲಿ ಫೇಸುಗಳೂ ಕಡಿಮೆ, ಹೀಟ್‌ಸಿಂಕೂ ಇಲ್ಲ. ಅಂಗಡಿಯ ಪಟ್ಟಿಯಲ್ಲಿ ಪ್ರೊಸೆಸರಿನ ಹೆಸರು ದಪ್ಪಕ್ಷರದಲ್ಲಿರುತ್ತದೆಯೇ ಹೊರತು ಇದನ್ನು ಬರೆಯುವವರು ವಿರಳ. ಹಣವೆಲ್ಲ ಪ್ರೊಸೆಸರಿಗೆ ಸುರಿದು ಬೋರ್ಡಿನಲ್ಲಿ ಉಳಿತಾಯ ಮಾಡುವ ಪದ್ಧತಿ ಹೀಗೆ ಬೆಳೆದಿದೆ.

ಬನಶಂಕರಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮಗಳು ವಾಸ್ತುಶಿಲ್ಪದ ಕೊನೆಯ ವರ್ಷದ ವಿದ್ಯಾರ್ಥಿನಿ. ಕಟ್ಟಡದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬಣ್ಣ ಬೆಳಕು ಸಹಿತ ಸಿದ್ಧಪಡಿಸಿ ವಾರದೊಳಗೆ ಒಪ್ಪಿಸಬೇಕು. ಯಂತ್ರ ಮೊದಲ ಐದು ನಿಮಿಷ ಕುದುರೆಯಂತೆ ಓಡುತ್ತದೆ; ಅನಂತರ ಇದ್ದಕ್ಕಿದ್ದಂತೆ ಆಮೆಯಾಗುತ್ತದೆ. ಒಂದು ಗಂಟೆಯ ಕೆಲಸಕ್ಕೆ ಇಡೀ ರಾತ್ರಿ ಸಾಲದು. ರಿಪೇರಿಯವನು ಬಂದು ನೋಡಿ ತೀರ್ಪು ಕೊಡುತ್ತಾನೆ:

"ಪ್ರೊಸೆಸರ್ ವೀಕ್ ಆಗಿದೆ ಸಾರ್. ಇದಕ್ಕಿಂತ ದೊಡ್ಡದು ಹಾಕ್ಸಿಬಿಡಿ."

"ಎಷ್ಟಾಗುತ್ತಪ್ಪಾ?" ಎಂದು ತಂದೆ ಕೇಳುತ್ತಾರೆ. ಉತ್ತರ ಕೇಳಿ ತಾಯಿಯ ಮುಖ ನೋಡುತ್ತಾರೆ.

ಆ ಹಣ ತೆತ್ತು ದೊಡ್ಡ ಪ್ರೊಸೆಸರು ಹಾಕಿಸಿದರೆ ಆಗುವುದೇನು? ಅದು ಇನ್ನೂ ಹೆಚ್ಚು ಆಂಪಿಯರು ಕೇಳುತ್ತದೆ. ಬೆಂದಿರುವ ಚೂರುಗಳು ಇನ್ನಷ್ಟು ಬೇಯುತ್ತವೆ. ಐದು ನಿಮಿಷದ ಓಟ ಮೂರು ನಿಮಿಷಕ್ಕೆ ಇಳಿಯುತ್ತದೆ!

ಯಂತ್ರ ಆಮೆಯಾದುದು ಆತ್ಮರಕ್ಷಣೆಗಾಗಿ. ಮಾಸ್‌ಫೆಟ್ಟುಗಳ ಕಾವು ಮಿತಿ ಮೀರುತ್ತಿದೆಯೆಂಬ ಸೂಚನೆ ಬಂದೊಡನೆ ಬೋರ್ಡು ಪ್ರೊಸೆಸರಿನ ವೇಗವನ್ನು ಕಡಿಮೆ ಮಾಡುತ್ತದೆ. ಕಾವು ಇಳಿದ ಮೇಲೆ ಮತ್ತೆ ಏರಿಸುತ್ತದೆ. ಈ ರಕ್ಷಣೆ ಇಲ್ಲದ ಬೋರ್ಡು ಒಮ್ಮೆಗೇ ನಿಂತುಹೋಗಬಹುದು, ಇಲ್ಲವೆ ಚೂರು ಸುಟ್ಟು ಕಮಟು ವಾಸನೆ ಬರಬಹುದು. ರೋಗದ ಗುರುತು ಇಷ್ಟೆ: ಭಾರವಾದ ಕೆಲಸದಲ್ಲಿ ವೇಗ ಬಿದ್ದುಹೋದ ಸಮಯದಲ್ಲಿ ಪ್ರೊಸೆಸರಿನ ಉಷ್ಣತೆ 60 ಅಥವಾ 65 ಡಿಗ್ರಿಯಷ್ಟೇ ಇದ್ದರೆ, ತಪ್ಪು ಪ್ರೊಸೆಸರಿನದಲ್ಲ. ಎಚ್‌ಡಬ್ಲ್ಯೂಇನ್ಫೋದಂತಹ ಉಚಿತ ತಂತ್ರಾಂಶದಲ್ಲಿ ಎರಡನ್ನೂ ಒಟ್ಟಿಗೆ ನೋಡಬಹುದು. ಕೆಲವು ಬೋರ್ಡುಗಳಲ್ಲಿ ವಿಆರ್‌ಎಂ ಅಥವಾ ಮಾಸ್ ಎಂಬ ಹೆಸರಿನಲ್ಲಿ ಈ ಚೂರುಗಳ ಉಷ್ಣತೆಯೂ ಕಾಣುತ್ತದೆ. ಅದು 100 ಡಿಗ್ರಿ ದಾಟಿದ್ದರೆ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಹಾಗೆ ತೋರಿಸದ ಬೋರ್ಡಿಗೆ ಖರ್ಚಿಲ್ಲದ ಒಂದು ಪರೀಕ್ಷೆಯುಂಟು. ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿ, ಮನೆಯ ಟೇಬಲ್ ಫ್ಯಾನನ್ನು ಎದುರಿಗಿಟ್ಟು ಅದೇ ಕೆಲಸವನ್ನು ಹದಿನೈದು ನಿಮಿಷ ನಡೆಸುವುದು. ಕುದುರೆ ಆಮೆಯಾಗದೆ ಓಡಿದರೆ ರೋಗ ಸಿಕ್ಕಿತು. ಆದರೆ ಇದನ್ನೇ ನಿತ್ಯದ ಚಿಕಿತ್ಸೆಯಾಗಿ ಮಾಡಿಕೊಳ್ಳುವುದು ತರವಲ್ಲ. ಗಾಳಿಯ ಜೊತೆ ಧೂಳೂ ಬರುತ್ತದೆ, ಮಕ್ಕಳ ಕೈಯೂ ಬರುತ್ತದೆ.

ಮನೆಗಳಲ್ಲಿ ಸಾಮಾನ್ಯವಾಗಿ ದೂಷಣೆಗೆ ಒಳಗಾಗುವುದು ಬೆಸ್ಕಾಂ. "ಕರೆಂಟು ಏರಿಳಿತ, ಅದಕ್ಕೇ ಬೋರ್ಡು ಹೋಯಿತು" ಎನ್ನುವ ಮಾತು ಕೇಳದ ಬೀದಿಯಿಲ್ಲ. ಸಿಡಿಲು ಬಡಿದಾಗಿನ ಮಾತು ಬೇರೆ. ಗೋಡೆಯಲ್ಲಿ 230 ಇರುವುದು 210ಕ್ಕೆ ಇಳಿದರೂ ಒಳ್ಳೆಯ ಎಸ್‌ಎಂಪಿಎಸ್ ತಾನು ಕೊಡುವ 12 ವೋಲ್ಟನ್ನು ಬಿಡುವುದಿಲ್ಲ. ಈ ಕಾವಿಗೆ ಬೀದಿಯ ಕಂಬ ಹೊಣೆಯಲ್ಲ.

ಹೊಣೆ ಇರುವುದು ಪೆಟ್ಟಿಗೆಯನ್ನು ಇಟ್ಟಿರುವ ಜಾಗದಲ್ಲಿ. ಜಯನಗರದ ಹಳೆಯ ಮನೆಗಳನ್ನು ಕಟ್ಟಿದವರು ಬಿಸಿಗಾಳಿ ಮೇಲಕ್ಕೇರುತ್ತದೆಂದು ಅರಿತು ಕಿಟಕಿಯ ಮೇಲೆ, ಸೂರಿನ ಹತ್ತಿರ ವೆಂಟಿಲೇಟರು ಬಿಟ್ಟರು. ಅದೇ ಮನೆಗಳಲ್ಲಿ ಇಂದು ಕಂಪ್ಯೂಟರ್ ಮೇಜಿನ ಕೆಳಗೆ ಮೂರು ಕಡೆ ಹಲಗೆ, ಮುಂದೆ ಬಾಗಿಲು ಇರುವ ಗೂಡಿನಲ್ಲಿ ಪೆಟ್ಟಿಗೆಯನ್ನು ಕೂಡಿಹಾಕಿರುತ್ತಾರೆ. ಹಿಂದಿನ ಬೀಸಣಿಗೆ ಹೊರಹಾಕಿದ ಬಿಸಿಗಾಳಿಯನ್ನೇ ಮುಂದಿನದು ಮತ್ತೆ ಒಳಗೆಳೆಯುತ್ತದೆ. ಧೂಳು ಕೂರಬಾರದೆಂದು ಮೇಲೆ ಕಸೂತಿಯ ಬಟ್ಟೆ. ಬೆಂಗಳೂರು ತಂಪಾದ ಊರೆಂಬ ಧೈರ್ಯವೂ ಪೂರ್ಣವಾಗಿ ಸಲ್ಲದು. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಅದಲ್ಲದೆ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮದರಾಸಿನ ಗಾಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಬೀಸಣಿಗೆ ಅಷ್ಟೇ ಸುತ್ತು ತಿರುಗಿದರೂ ಅದು ಹೊತ್ತೊಯ್ಯುವ ಕಾವು ತುಸು ಕಡಿಮೆಯೇ.

ಆದ್ದರಿಂದ ಮೊದಲ ಮದ್ದು, ಪೆಟ್ಟಿಗೆಯನ್ನು ಗೂಡಿನಿಂದ ಬಿಡುಗಡೆ ಮಾಡುವುದು. ಗೋಡೆಗೂ ಅದರ ಬೆನ್ನಿಗೂ ಒಂದು ಗೇಣು ಅಂತರವಿರಲಿ. ಎರಡನೆಯದು ಧೂಳು. ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಮೃದುವಾದ ಒಣ ಕುಂಚದಿಂದಲೋ ಬ್ಲೋವರಿನಿಂದಲೋ ತೆಗೆಯಬೇಕು. ಬ್ಲೋವರ್ ಹಿಡಿಯುವಾಗ ಬೀಸಣಿಗೆಯ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು. ಒದ್ದೆ ಬಟ್ಟೆಯ ಮಾತೇ ಬೇಡ. ಎಸ್‌ಎಂಪಿಎಸ್ಸಿನ ಡಬ್ಬಿಯನ್ನಂತೂ ಮನೆಯವರು ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೆಯೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ನಿಂತಿರುತ್ತದೆ.

ಮೂರನೆಯದರಲ್ಲಿ ಅನೇಕ ಜಾಣರೂ ಎಡವುತ್ತಾರೆ. ಪ್ರೊಸೆಸರಿನ ಜೊತೆ ಬರುವ ಸಾಧಾರಣ ಬೀಸಣಿಗೆ ಕೆಳಮುಖವಾಗಿ ಬೀಸುತ್ತದೆ. ಅದರ ಗಾಳಿ ಬೋರ್ಡಿಗೆ ತಾಗಿ ಸುತ್ತಲೂ ಹರಡಿ ನೆರೆಯ ಮಾಸ್‌ಫೆಟ್ಟುಗಳನ್ನೂ ಸವರಿಕೊಂಡು ಹೋಗುತ್ತದೆ. ಇದನ್ನು ತೆಗೆದು, ಹೆಚ್ಚು ಬೆಲೆಯ ಗೋಪುರದಂತಹ ಕೂಲರನ್ನೋ ನೀರು ಹರಿಯುವ ಕೂಲರನ್ನೋ ಹಾಕಿದರೆ ಪ್ರೊಸೆಸರು ತಣ್ಣಗಾಗುತ್ತದೆ, ನೆರೆಯವರಿಗೆ ಗಾಳಿ ತಪ್ಪುತ್ತದೆ. ದುಬಾರಿ ಕೂಲರು ಹಾಕಿಸಿದ ಮೇಲೆಯೇ ಯಂತ್ರ ನಿಧಾನವಾಯಿತೆಂದು ದೂರುವವರ ದೂರು ಸುಳ್ಳಲ್ಲ. ಅಂತಹವರು ಪೆಟ್ಟಿಗೆಯ ಹಿಂಭಾಗದಲ್ಲಿ ಮೇಲ್ಗಡೆಗೆ ಗಾಳಿಯನ್ನು ಹೊರಹಾಕುವ ಬೀಸಣಿಗೆಯೊಂದನ್ನು ಹಾಕಿಸಬೇಕು. ಸಾಧ್ಯವಾದರೆ ಮಾಸ್‌ಫೆಟ್ಟುಗಳತ್ತ ಮುಖಮಾಡಿದ ಚಿಕ್ಕದೊಂದನ್ನೂ.

ಜಯನಗರದಿಂದಲೋ ಬನಶಂಕರಿಯಿಂದಲೋ ಹಸಿರು ಮಾರ್ಗದ ಮೆಟ್ರೊ ಹತ್ತಿ ಕೃಷ್ಣರಾಜ ಮಾರುಕಟ್ಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆ ದೂರವಲ್ಲ. ಅಲ್ಲಿ ಬೀಸಣಿಗೆಯೂ, ಚಿಕ್ಕ ಅಲ್ಯೂಮಿನಿಯಮ್ ಹೀಟ್‌ಸಿಂಕುಗಳೂ, ಅವನ್ನು ಅಂಟಿಸುವ ಥರ್ಮಲ್ ಟೇಪೂ ದೊರೆಯುತ್ತವೆ; ಹೊಸ ಪ್ರೊಸೆಸರಿನ ಬೆಲೆಗೆ ಹೋಲಿಸಿದರೆ ಇವು ತರಕಾರಿಯ ಲೆಕ್ಕ. ಅಂಟಿಸುವ ಮೊದಲು ಚೂರಿನ ಬೆನ್ನನ್ನು ಒರೆಸಿ ಒಣಗಿಸಬೇಕು. ಲೋಹ ಪಕ್ಕದ ಕಾಲುಗಳಿಗೆ ತಾಗಿದರೆ ಶಾರ್ಟ್ ಆಗಿ ಬೋರ್ಡೇ ಹೋದೀತು. ಸಡಿಲವಾಗಿ ಅಂಟಿಸಿದ್ದು ಕಾವಿಗೆ ಕಳಚಿ ಕೆಳಗಿನ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುವುದೂ ಉಂಟು. ಕೈ ನಡುಗುವವರು ಅಂಗಡಿಯವನಿಂದಲೇ ಮಾಡಿಸುವುದು ಲೇಸು. ಮಾಸ್‌ಫೆಟ್ಟಿನ ಕಾವಿನ ಬಹುಪಾಲು ಇಳಿಯುವುದು ಕೆಳಗೆ, ಬೋರ್ಡಿನ ತಾಮ್ರಕ್ಕೆ. ಆದುದರಿಂದ ಹೀಟ್‌ಸಿಂಕಿಗಿಂತಲೂ ಗಾಳಿಯ ಓಡಾಟವೇ ಹೆಚ್ಚು ಫಲ ಕೊಡುತ್ತದೆ.

ಕಾಸು ಖರ್ಚಿಲ್ಲದ ಇನ್ನೊಂದು ಉಪಾಯ ಬಯಾಸ್‌ನಲ್ಲಿದೆ. ಪ್ರೊಸೆಸರು ಬಳಸಬಹುದಾದ ವಾಟಿಗೆ ಅಲ್ಲಿ ಮಿತಿ ಹಾಕಬಹುದು. 120 ವಾಟ್ ಕುಡಿಯುವುದನ್ನು 65ಕ್ಕೆ ಕಟ್ಟಿಹಾಕಿದರೆ ಪ್ರವಾಹ ಬಹುಮಟ್ಟಿಗೆ ಅರ್ಧವಾಗುತ್ತದೆ. ನಿರೋಧದಿಂದ ಹುಟ್ಟುವ ಕಾವು ಕಾಲುಭಾಗದ ಸಮೀಪಕ್ಕೆ ಇಳಿಯುತ್ತದೆ. ವೇಗ ಅರ್ಧವಾಗುವುದಿಲ್ಲ, ಸ್ವಲ್ಪ ತಗ್ಗುತ್ತದೆ, ಅಷ್ಟೆ. ಬನಶಂಕರಿಯ ಆ ಮಗಳಿಗೆ ವಾರದೊಳಗೆ ಕೆಲಸ ಮುಗಿಯಬೇಕಾದರೆ ಮೊದಲು ಮಾಡಬೇಕಾದುದು ಇದನ್ನೇ. ನಿಂತು ನಿಂತು ಓಡುವ ಕುದುರೆಗಿಂತ ಒಂದೇ ಸಮನೆ ನಡೆಯುವ ಎತ್ತು ಬೇಗ ಊರು ಮುಟ್ಟುತ್ತದೆ.

ಕಾವು ಇಳಿಸುವುದರಿಂದ ಕೆಪಾಸಿಟರುಗಳ ಆಯುಷ್ಯವೂ ಬೆಳೆಯುತ್ತದೆ. ಹತ್ತು ಡಿಗ್ರಿ ಇಳಿದರೆ ಆಯುಷ್ಯ ಇಮ್ಮಡಿ ಎಂಬುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ವಿಷಯದಲ್ಲಿ ಎಂಜಿನಿಯರುಗಳ ಸ್ಥೂಲ ಲೆಕ್ಕ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವುದು 85ರಲ್ಲಿ 8000, 65ರಲ್ಲಿ 32000 ಗಂಟೆ ಬಾಳೀತು. ಹಳೆಯ ಯಂತ್ರದಲ್ಲಿ ಈ ಪುಟ್ಟ ಡಬ್ಬಿಗಳ ತಲೆ ಪೂರಿಯಂತೆ ಉಬ್ಬಿದ್ದರೆ ಅವುಗಳ ಕಾಲ ಮುಗಿಯಿತೆಂದೇ ಅರ್ಥ. 1999ರಿಂದ ಮುಂದಿನ ಏಳೆಂಟು ವರ್ಷಗಳಲ್ಲಿ ಕೆಟ್ಟ ರಾಸಾಯನಿಕ ತುಂಬಿದ ಕೆಪಾಸಿಟರುಗಳಿಂದ ಜಗತ್ತಿನಾದ್ಯಂತ ಅಸಂಖ್ಯಾತ ಬೋರ್ಡುಗಳು ಹೀಗೆಯೇ ಹಾಳಾದವು. ಬೆಸುಗೆ ಬಲ್ಲವರು ಇಂದಿಗೂ ಅವನ್ನು ಬದಲಿಸಿ ಬೋರ್ಡನ್ನು ಉಳಿಸಬಲ್ಲರು.

ಇನ್ನು ಆಯುಧಪೂಜೆಯ ದಿನ ಕಂಪ್ಯೂಟರಿಗೂ ಅರಿಶಿನ ಕುಂಕುಮ ಹೂವು ಸಲ್ಲುವುದು ಈ ಊರಿನ ಸಂಪ್ರದಾಯ. ಸಲ್ಲಲಿ. ನೀರು ತೊಟ್ಟಿಕ್ಕುವ ಸೇವಂತಿಗೆಯನ್ನು ಪೆಟ್ಟಿಗೆಯ ನೆತ್ತಿಯ ಜಾಲರಿಯ ಮೇಲೆ ಇಡದೆ, ಮುಂದಿನ ತಗಡಿನ ಬಳಿ ಇಟ್ಟರಾಯಿತು.