ಯುದ್ಧ ಸುಡಾನಿನಲ್ಲಿ, ದಿಗಿಲು ಹುಣಸೂರಿನಲ್ಲಿ

ಯುದ್ಧ ಎಲ್ಲೋ ನಡೆಯುತ್ತದೆ. ಅದರ ಮಾತು ಮಾತ್ರ ಹುಣಸೂರು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ, ಮೈಸೂರು ಬಸ್ಸಿನ ಹಿಂದಿನ ಸೀಟಿನಲ್ಲಿ, ದಿನಸಿ ಅಂಗಡಿಯ ತಕ್ಕಡಿ ಮುಂದೆ ನಡೆಯುತ್ತದೆ. ಯಾರು ಗೆದ್ದರು, ಯಾರು ಸೋತರು, ಯಾರ ಹತ್ತಿರ ಎಂಥ ಬಾಂಬು ಇದೆ ಎಂಬುದೆಲ್ಲ ಅರ್ಧ ಟೀ ಮುಗಿಯುವುದರೊಳಗೆ ತೀರ್ಮಾನವಾಗಿರುತ್ತದೆ. ತಪ್ಪೇನಿಲ್ಲ. ಲೋಕದ ಸುದ್ದಿ ಬೇಡ ಎನ್ನುವ ಊರು ಊರೇ ಅಲ್ಲ. ಆದರೆ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವ ಹೆಂಗಸಿನ ಮಗ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರೆ?

ಇದು ಬರಿಯ ಊಹೆಯಲ್ಲ. 2023ರ ಏಪ್ರಿಲ್ 15ರಂದು ಆಫ್ರಿಕಾದ ಸುಡಾನಿನಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಿತು. ಊರಿನ ಬಹಳ ಮಂದಿಗೆ ಅದೊಂದು ನಕ್ಷೆಯ ಮೇಲಿನ ಹೆಸರು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನಕ್ಕೆ ಮಾತ್ರ ಅದು ವ್ಯಾಪಾರದ ಜಾಗ. ಬೇಟೆ ಇವರ ಕುಲಕಸುಬು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದಕ್ಕೆ ಕತ್ತರಿ ಬಿತ್ತು. ಗಿಡಮೂಲಿಕೆ, ತಲೆಗೂದಲ ಎಣ್ಣೆ ಹಿಡಿದು ಊರೂರು ಸುತ್ತಿದರು. ಅದೂ ಸಾಲದೆ ಸಾಲ ಸೋಲ ಮಾಡಿ ಆಫ್ರಿಕಾಕ್ಕೆ ವಿಮಾನ ಹತ್ತಿದರು. ಶಿವಮೊಗ್ಗ, ದಾವಣಗೆರೆ ಕಡೆಯ ಹಕ್ಕಿಪಿಕ್ಕಿಗಳೂ ಹಾಗೇ ಹೋಗಿದ್ದರು. ಗುಂಡಿನ ಸುರಿಮಳೆ ಶುರುವಾದಾಗ ಹೊರಗೆ ಕಾಲಿಡುವ ಹಾಗಿಲ್ಲ. ಒಳಗೆ ಅನ್ನವಿಲ್ಲ, ನೀರಿಲ್ಲ.

ಆ ಹೊತ್ತಿಗೆ ಇಲ್ಲಿ ವಿಧಾನಸಭೆ ಚುನಾವಣೆಯ ಕಾವು. 31 ಮಂದಿ ಸಿಕ್ಕಿಬಿದ್ದಿದ್ದಾರೆ, ಕರೆತನ್ನಿ ಎಂದು ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಟ್ವಿಟರಿನಲ್ಲಿ ಬರೆದರು. ಇದರಲ್ಲಿ ರಾಜಕೀಯ ಬೇಡ ಎಂದು ವಿದೇಶಾಂಗ ಸಚಿವ ಜೈಶಂಕರ್ ತಿರುಗೇಟು ಕೊಟ್ಟರು. ಟೀವಿಗಳಿಗೆ ಹಬ್ಬವೋ ಹಬ್ಬ. ಇಬ್ಬರು ದೊಡ್ಡವರ ಜಟಾಪಟಿ ಮುಂದೆ ಬಂತು, ನೀರಿಲ್ಲದೆ ಕೂತವರ ಪಾಡು ಹಿಂದೆ ಸರಿಯಿತು. ಕೇಳಿದ್ದು ತಪ್ಪಲ್ಲ, ಕೇಳಲೇಬೇಕು. ಆದರೆ ಸಚಿವರು ಅಂದೇ ಹೇಳಿದ ಇನ್ನೊಂದು ಮಾತನ್ನೂ ಜನ ಗಮನಿಸಬೇಕಿತ್ತು. ಸಿಕ್ಕಿಕೊಂಡವರು ಯಾವ ಜಾಗದಲ್ಲಿದ್ದಾರೆ ಎಂಬ ವಿವರವನ್ನು ಅವರ ಭದ್ರತೆಗಾಗಿ ಬಹಿರಂಗ ಮಾಡುವುದಿಲ್ಲ ಎಂದಿದ್ದರು. ಯುದ್ಧದ ಊರಲ್ಲಿ ವಿಳಾಸವೂ ಅಪಾಯವೇ. ಅಂಥವರ ಫೋಟೋ, ಫೋನ್ ನಂಬರು, ಇರುವ ಜಾಗ ಎಲ್ಲವನ್ನೂ ವಾಟ್ಸಾಪಿನಲ್ಲಿ ಊರಿಗೆಲ್ಲ ಹಂಚುವುದು ಸಹಾಯ ಅಲ್ಲ ಸ್ವಾಮಿ.

‘ಒಂದು ವಿಮಾನ ಕಳಿಸಕ್ಕೆ ಏನು ರೋಗ?’ ಎಂದು ಕೇಳಿದವರು ಉಂಟು. ರಾಜಧಾನಿ ಖಾರ್ಟೂಮಿನ ವಿಮಾನ ನಿಲ್ದಾಣವೇ ರಣರಂಗವಾಗಿತ್ತು. ಬಸ್ಸುಗಳಲ್ಲಿ ನೂರಾರು ಕಿಲೋಮೀಟರ್ ಸಾಗಿ ಕೆಂಪು ಸಮುದ್ರದ ದಡದ ಪೋರ್ಟ್ ಸುಡಾನ್ ಸೇರಬೇಕು. ಅಲ್ಲಿಂದ ನೌಕಾಪಡೆಯ ಹಡಗಿನಲ್ಲೋ ವಾಯುಪಡೆಯ ವಿಮಾನದಲ್ಲೋ ಸೌದಿಯ ಜೆಡ್ಡಾ. ಆಮೇಲೆ ಭಾರತ. ಈ ದಾರಿ ಗೊತ್ತಿದ್ದ ಮನೆಯವರು ‘ಎರಡು ದಿನದಿಂದ ಫೋನಿಲ್ಲ’ ಎಂದರೆ ‘ದಾರಿಯಲ್ಲಿರಬಹುದು’ ಎಂದು ಉಸಿರು ಹಿಡಿದಾರು. ಗೊತ್ತಿಲ್ಲದವರು ಕೆಟ್ಟದ್ದನ್ನೇ ಎಣಿಸುತ್ತಾರೆ. ಸುದ್ದಿ ತಿಳಿದಿರಬೇಕು ಎನ್ನುವುದು ಇದಕ್ಕೇ. ಕಾವೇರಿಯ ಹೆಸರಿಟ್ಟ ಆ ಕಾರ್ಯಾಚರಣೆಯಲ್ಲಿ 3,862 ಮಂದಿ ವಾಪಸಾದರು. ಹಕ್ಕಿಪಿಕ್ಕಿಗಳೂ ಬಂದರು; ಜೀವ ಉಳಿಯಿತು, ಬಂಡವಾಳ ಹೋಯಿತು, ಸಾಲ ಹಾಗೇ ನಿಂತಿತು.

ನಮ್ಮವರು ಬಂದರು, ಸುದ್ದಿ ಮುಗಿಯಿತು. ಅಲ್ಲಿ ಯುದ್ಧ ಮುಗಿಯಲಿಲ್ಲ. ಹಕ್ಕಿಪಿಕ್ಕಿಗಳು ಕೆಲವರು ಸಿಕ್ಕಿಬಿದ್ದಿದ್ದ ಎಲ್ ಫಾಶರ್ ನಗರ ಆಮೇಲೆ ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ನರಳಿ 2025ರ ಅಕ್ಟೋಬರಿನಲ್ಲಿ ಆರ್‌ಎಸ್‌ಎಫ್ ಕೈಸೇರಿತು. ತಲೆಗೆಣ್ಣೆ ಕೊಂಡ ಗಿರಾಕಿಗಳು, ಮನೆ ಬಾಡಿಗೆ ಕೊಟ್ಟವರು ಆ ಊರಲ್ಲೂ ಇದ್ದರಲ್ಲ. ಅವರ ಗತಿ ಏನಾಯಿತೆಂದು ಕೇಳುವುದು ಕೂಡ ಸುದ್ದಿ ತಿಳಿಯುವುದರ ಒಂದು ಪಾಲು.

ಹಾಗಾದರೆ ಊರಿನವರು ಮಾಡಬೇಕಾದ್ದೇನು? ಮೊದಲನೆಯದು, ಸುದ್ದಿಗೂ ಹೊತ್ತು ಇಟ್ಟುಕೊಳ್ಳಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಾಕು. ರಾತ್ರಿ ಹನ್ನೆರಡರ ತನಕ ಟೀವಿ ಮುಂದೆ ಕೂತರೆ ಅಲ್ಲಿ ಗುಂಡು ನಿಲ್ಲೋದಿಲ್ಲ, ಇಲ್ಲಿ ನಿದ್ದೆ ನಿಲ್ಲುತ್ತೆ. ಊಟದ ಹೊತ್ತಲ್ಲಿ ಮಕ್ಕಳ ಮುಂದೆ ಹೆಣಗಳ ಚಿತ್ರ ಬೇಡ. ಎರಡನೆಯದು, ಯಾವ ಊರು, ಯಾವ ದಿನ, ಹೇಳಿದವರು ಯಾರು ಎಂಬ ಮೂರು ಪ್ರಶ್ನೆಗೆ ಉತ್ತರವಿಲ್ಲದ ವಿಡಿಯೋವನ್ನು ಮುಂದಕ್ಕೆ ತಳ್ಳಬೇಡಿ. 2022ರಲ್ಲಿ ವಿಡಿಯೋ ಗೇಮಿನ ದೃಶ್ಯಗಳನ್ನೇ ಉಕ್ರೇನ್ ಯುದ್ಧ ಎಂದು ಹಂಚಿದ್ದನ್ನು ಮರೆಯಬಾರದು.

ಮೂರನೆಯದು ಮುಖ್ಯ. ಕಷ್ಟದಲ್ಲಿರುವ ಮನೆಗೆ ಪುಕಾರು ಹೊತ್ತುಕೊಂಡು ಹೋಗಬೇಡಿ. ‘ಏನಮ್ಮಾ, ನಿಮ್ಮ ಹುಡುಗನ ಸುದ್ದಿ ಬಂತಾ? ಟೀವೀಲಿ ಏನೇನೋ ತೋರಿಸ್ತಿದಾರೆ’ ಎಂದು ಹಾದಿಯಲ್ಲಿ ಹೋಗುವವರೆಲ್ಲ ಕೇಳಿದರೆ ಆ ತಾಯಿ ದಿನಕ್ಕೆ ಎಷ್ಟು ಸಲ ಸಾಯಬೇಕು? ‘ಅಕ್ಕಾ, ಊಟ ಆಯ್ತಾ? ಆಫೀಸಿಗೆ ಹೋಗಿ ಬರೋಣ ಬನ್ನಿ’ ಎನ್ನುವ ಒಬ್ಬರು ಅಂಥ ನೂರು ಮಂದಿಗಿಂತ ಮೇಲು. ಅಂಗಡಿಯವರಿಗೂ ಇಲ್ಲಿ ಕೆಲಸವಿದೆ. ಹೊರಗಿನಿಂದ ಬರುವ ಹಣ ನಿಂತ ಮನೆಗೆ ಹದಿನೈದು ದಿನ ಅಕ್ಕಿ ಬೇಳೆ ಲೆಕ್ಕಕ್ಕೆ ಬರೆದುಕೊಡಿ. ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿದ್ದು ನಿಜ. ಅಲ್ಲಿಂದ ಬರುತ್ತಿದ್ದ ಎಣ್ಣೆ ನಿಂತಿತ್ತು. ಹಾಗೆಂದು ಯುದ್ಧದ ಹೆಸರಲ್ಲಿ ಹಳೇ ಸ್ಟಾಕಿಗೆ ಹೊಸ ರೇಟು ಹಾಕುವುದು ವ್ಯಾಪಾರವಲ್ಲ.

ಜಿಲ್ಲಾಡಳಿತಕ್ಕೂ ಒಂದು ಮಾತು. ಯಾವ ಹಾಡಿಯಿಂದ, ಯಾವ ಹಳ್ಳಿಯಿಂದ ಯಾರು ಯಾವ ದೇಶಕ್ಕೆ ಹೋಗಿದ್ದಾರೆ ಎಂಬ ಪಟ್ಟಿ ಪಂಚಾಯಿತಿಯಲ್ಲಿರಲಿ. ಹೋಗುವವರಿಗೆ ಅಲ್ಲಿನ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಲು ಹೇಳಿಕೊಡಲಿ. ಯುದ್ಧ ಹತ್ತಿಕೊಂಡ ದಿನವೇ ತಾಲ್ಲೂಕು ಕಚೇರಿಯಲ್ಲಿ ಒಬ್ಬ ಗುಮಾಸ್ತರನ್ನು ಕೂರಿಸಿ, ಬಂದ ಸುದ್ದಿಯನ್ನು ದಿನಕ್ಕೆ ಎರಡು ಸಲ ಮನೆಯವರಿಗೆ ತಿಳಿಸಲಿ. ಇದಕ್ಕೆ ಕೋಟಿ ಬೇಡ, ಒಂದು ಮೇಜು, ಒಂದು ಫೋನು ಸಾಕು. ಆ ಮೇಜು ಇಲ್ಲದ ಕಡೆಯೇ ಪುಕಾರು ಅಂಗಡಿ ತೆರೆಯುತ್ತದೆ. ಮುಂದಿನ ಯುದ್ಧ ಯಾವ ದೇಶದಲ್ಲೋ, ಅಲ್ಲಿ ಯಾವ ಮನೆಯ ಮಗನೋ. ಮಾನ್ಯ ಜಿಲ್ಲಾಧಿಕಾರಿಗಳು ಅದಕ್ಕೆ ಮುಂಚೆಯೇ ಗಮನಿಸುವರೇ?