ಬಿಡಿಭಾಗ ಕೈಕೊಟ್ಟರೆ ಹೊಣೆ ಯಾರದು?

ಬೆಂಗಳೂರು: ಕಾರಿನ ಬ್ರೇಕ್ ಪ್ಯಾಡ್ ಸವೆದಿದೆಯೆಂದು ಬಡಾವಣೆಯ ಗ್ಯಾರೇಜಿಗೆ ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ, 'ಒರಿಜಿನಲ್ ಹಾಕಲೋ, ಲೋಕಲ್ ಹಾಕಲೋ?' ಎಂಬುದು. ಎರಡರ ನಡುವಿನ ಬೆಲೆಯ ಅಂತರ ಕೇಳಿದ ಮೇಲೆ ಅನೇಕರು ಎರಡನೆಯದನ್ನೇ ಒಪ್ಪುತ್ತಾರೆ. ಮೆಕ್ಯಾನಿಕ್ ಹುಡುಗನೊಬ್ಬನನ್ನು ಅಂಗಡಿಗೆ ಅಟ್ಟುತ್ತಾನೆ. ಪ್ಯಾಡ್ ಬರುತ್ತದೆ. ಚೀಟಿಯ ಮೇಲೆ ಗೀಚಿದ ಮೊತ್ತವನ್ನು ತೆತ್ತರೆ ವ್ಯವಹಾರ ಮುಗಿಯಿತು. ಅದನ್ನು ತಯಾರಿಸಿದವರು ಯಾರು, ಮಾರಿದವರು ಯಾರು ಎಂಬುದು ಗ್ರಾಹಕನಿಗೆ ತಿಳಿಯುವುದೇ ಇಲ್ಲ. ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟ ದಿನ ಮಾತ್ರ ಆ ಪ್ರಶ್ನೆ ಏಳುತ್ತದೆ.

ಆಗ ಮೆಕ್ಯಾನಿಕ್ ಅಂಗಡಿಯತ್ತ ಕೈ ತೋರಿಸುತ್ತಾನೆ. ಅಂಗಡಿಯವರು 'ನಾವು ತಯಾರಿಸಿದ್ದಲ್ಲ' ಎನ್ನುತ್ತಾರೆ. ಕಾರು ಕಂಪನಿ 'ಅದು ನಮ್ಮ ಭಾಗವೇ ಅಲ್ಲ' ಎಂದು ಕೈತೊಳೆದುಕೊಳ್ಳುತ್ತದೆ. ಈ ಜಾರಿಕೆಗೆ ಕಾನೂನಿನಲ್ಲಿ ಈಗ ಮೊದಲಿನಷ್ಟು ಆಸ್ಪದವಿಲ್ಲ. ಆದರೆ ವ್ಯವಹಾರದ ರೂಢಿ ಇನ್ನೂ ಬದಲಾಗಿಲ್ಲ.

ಕಾನೂನು ಹೇಳುವುದೇನು?

1986ರ ಕಾಯ್ದೆಯ ಸ್ಥಾನದಲ್ಲಿ 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು 'ಉತ್ಪನ್ನ ಹೊಣೆಗಾರಿಕೆ'ಗೆಂದೇ ಒಂದು ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟಿದೆ. ಅದರ 86ನೇ ಕಲಮು ಮಾರಾಟಗಾರನನ್ನು ಕುರಿತದ್ದು. ತಯಾರಕರ ಭರವಸೆಯ ಹೊರತಾಗಿ ತಾನೇ ಪ್ರತ್ಯೇಕ ಖಾತರಿ ಕೊಟ್ಟು ಅದು ಸುಳ್ಳಾದರೆ, ವಸ್ತುವನ್ನು ಮಾರ್ಪಡಿಸಿ ಅದರಿಂದ ಹಾನಿಯಾದರೆ, ತಯಾರಕರು ನೀಡಿದ ಎಚ್ಚರಿಕೆಯನ್ನು ಗ್ರಾಹಕನಿಗೆ ತಲುಪಿಸದೆ ಅನಾಹುತವಾದರೆ ಮಾರಾಟಗಾರ ಹೊಣೆ. ಎಲ್ಲಕ್ಕಿಂತ ಮುಖ್ಯವಾಗಿ, ತಯಾರಕ ಯಾರೆಂದು ತಿಳಿಯದಿದ್ದರೆ ಅಥವಾ ಭಾರತದ ಕಾನೂನಿನ ಕೈಗೆ ಸಿಗದಿದ್ದರೆ ಹೊಣೆಯು ಮಾರಾಟಗಾರನ ಹೆಗಲಿಗೇ ಬರುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿ ಬ್ರೇಕ್ ಪ್ಯಾಡ್ ಮಾರುವವನು ತಯಾರಕನ ಜಾಗದಲ್ಲಿ ನಿಲ್ಲಬೇಕಾಗುತ್ತದೆ ಎಂಬುದೇ ಇದರ ತಾತ್ಪರ್ಯ.

ಜೋಡಿಸುವ ಮೆಕ್ಯಾನಿಕ್ ಕೂಡ ಇದರಿಂದ ಹೊರತಲ್ಲ. ವಸ್ತುವನ್ನು ಅಳವಡಿಸುವ, ದುರಸ್ತಿ ಮಾಡುವ ವ್ಯವಹಾರಸ್ಥರನ್ನೂ ಕಾಯ್ದೆಯು 'ಉತ್ಪನ್ನ ಮಾರಾಟಗಾರ' ಎಂಬ ವ್ಯಾಖ್ಯೆಯೊಳಗೆ ತಂದಿದೆ. 'ಭಾಗ ಸರಿಯಿತ್ತು, ಜೋಡಣೆ ತಪ್ಪಿತು' ಎಂದು ಅಂಗಡಿಯವರು ಸಾಧಿಸಿ ತೋರಿಸಿದರೆ ಪ್ರಶ್ನೆ ಗ್ಯಾರೇಜಿನ ಬಾಗಿಲಿಗೆ ಬರುತ್ತದೆ.

ಮಿತಿಗಳೂ ಇವೆ. ಗ್ರಾಹಕನೇ ವಸ್ತುವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರನ ಮೇಲೆ ಈ ಅಧ್ಯಾಯದಡಿ ದಾವೆ ನಿಲ್ಲದು. ಇಲ್ಲಿ 'ಹಾನಿ' ಎಂದರೆ ಸಾವು, ಗಾಯ ಅಥವಾ ಇತರ ಆಸ್ತಿಗೆ ಆದ ನಷ್ಟ. ಕೆಟ್ಟ ಭಾಗದ ಬೆಲೆ ಅದರಲ್ಲಿ ಸೇರುವುದಿಲ್ಲ. ಅದಕ್ಕಾಗಿ ದೋಷಯುಕ್ತ ಸರಕಿನ ಸಾಮಾನ್ಯ ದೂರು ಸಲ್ಲಿಸಬೇಕು.

ರಸೀದಿ ಇಲ್ಲದ ಸರಪಳಿ

ಇಷ್ಟೆಲ್ಲ ಇದ್ದೂ ಗ್ರಾಹಕ ಸೋಲುವುದು ಸಾಕ್ಷ್ಯದಲ್ಲಿ. 'ಬಿಲ್ ಬೇಕಾದರೆ ಜಿಎಸ್‌ಟಿ ಸೇರುತ್ತದೆ' ಎಂಬ ಮಾತು ಬಿಡಿಭಾಗ ಕೊಳ್ಳುವ ಯಾರಿಗೂ ಹೊಸತಲ್ಲ. ಅನೇಕ ಬಿಡಿಭಾಗಗಳ ಮೇಲೆ ಶೇ 28ರಷ್ಟಿದ್ದ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ರಸೀದಿ ತಪ್ಪಿಸುವ ಆಮಿಷ ಅಷ್ಟರಮಟ್ಟಿಗೆ ತಗ್ಗಿದೆಯೇ ಹೊರತು ಅಳಿದಿಲ್ಲ. ಅಸಲಿಗೆ ರಸೀದಿ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು ಕಾಯ್ದೆ ಹೇಳುತ್ತದೆ. 'ಮಾರಿದ ಸರಕನ್ನು ವಾಪಸು ಪಡೆಯಲಾಗುವುದಿಲ್ಲ' ಎಂಬ ಮುದ್ರಿತ ವಾಕ್ಯಕ್ಕೂ ದೋಷಯುಕ್ತ ಸರಕಿನ ವಿಷಯದಲ್ಲಿ ಬೆಲೆಯಿಲ್ಲ. ರಸೀದಿಯಲ್ಲಿ ಅವಧಿ ನಮೂದಿಸಿರದಿದ್ದರೆ 30 ದಿನಗಳೊಳಗೆ ಅಂಥ ಸರಕನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಕೂಡ ಅನುಚಿತ ಪದ್ಧತಿಯೇ.

ಎರಡನೆಯ ಸಾಕ್ಷ್ಯ ಮುರಿದ ಭಾಗ. ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎನಿಸಿದರೆ ಜಿಲ್ಲಾ ಗ್ರಾಹಕ ಆಯೋಗವು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಆದರೆ ಮುರಿದ ಭಾಗ ಅಷ್ಟರಲ್ಲಿ ಗುಜರಿ ಸೇರಿದ್ದರೆ ಕಳುಹಿಸುವುದಾದರೂ ಏನನ್ನು?

ವ್ಯಾಪಾರಿಗಳ ವಾದ

ಜೆ.ಸಿ. ರಸ್ತೆಯಂಥ ಮಾರುಕಟ್ಟೆಯ ಸಣ್ಣ ಅಂಗಡಿಕಾರನ ಬಳಿ ಪ್ರಯೋಗಾಲಯವಿಲ್ಲ, ಸಗಟು ವ್ಯಾಪಾರಿ ಕೊಟ್ಟದ್ದನ್ನು ಅವನು ಮಾರುತ್ತಾನೆ, ಅವನನ್ನು ಹೊಣೆ ಮಾಡುವುದು ನ್ಯಾಯವೇ ಎಂದು ಕೇಳಬಹುದು. ಈ ವಾದದಲ್ಲಿ ಹುರುಳಿದೆ. ಹೊರಗಿನ ಭಾಗಗಳೆಲ್ಲ ಕಳಪೆಯೂ ಅಲ್ಲ. ಕಾರು ಕಂಪನಿಗಳಿಗೆ ಭಾಗ ಪೂರೈಸುವ ತಯಾರಕರೇ ಸ್ವಂತ ಹೆಸರಿನಲ್ಲಿ ಮುಕ್ತ ಮಾರುಕಟ್ಟೆಗೂ ಕೊಡುವುದುಂಟು. ಮುಕ್ತ ಮಾರುಕಟ್ಟೆಯಲ್ಲಿ ಬಿಡಿಭಾಗ ದೊರೆಯದಂತೆ ತಡೆದುದಕ್ಕಾಗಿಯೇ 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ದಂಡ ವಿಧಿಸಿತ್ತು.

ಆದರೆ ಕಾಯ್ದೆಯು ಅಂಗಡಿಕಾರನಿಂದ ಪ್ರಯೋಗಾಲಯವನ್ನು ಬಯಸುತ್ತಿಲ್ಲ. ಕಾನೂನಿಗೆ ಸಿಗುವ ತಯಾರಕನ ಸರಕನ್ನು ರಸೀದಿಯೊಂದಿಗೆ ಕೊಂಡು, ತಾನೂ ರಸೀದಿ ಕೊಟ್ಟು, ತಕ್ಕ ಎಚ್ಚರ ವಹಿಸಿ ಮಾರಿದರೆ ಭಾರ ತಯಾರಕನಿಗೆ ಸರಿಯುತ್ತದೆ. ಅನಾಮಿಕ ಸರಕನ್ನು ಆರಿಸಿಕೊಂಡವನಿಗೆ ಮಾತ್ರ ಆ ದಾರಿ ಮುಚ್ಚುತ್ತದೆ. ಗ್ರಾಹಕನನ್ನು ಕಾಯುವ ಕಾಗದವೇ ಪ್ರಾಮಾಣಿಕ ವ್ಯಾಪಾರಿಯನ್ನೂ ಕಾಯುತ್ತದೆ.

ಆಗಬೇಕಾದದ್ದು

ಸರ್ಕಾರ ಮನಸ್ಸು ಮಾಡಿದರೆ ಕ್ರಮ ಅಸಾಧ್ಯವೇನಲ್ಲ. ಸೀಟ್ ಬೆಲ್ಟ್ ಎಚ್ಚರಿಕೆಯ ಸದ್ದನ್ನು ಅಡಗಿಸುವ ಕ್ಲಿಪ್‌ಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ನೀಡಿತು. 13,118 ಮಾರಾಟ ಪುಟಗಳು ತೆರವಾದವು. ಆನ್‌ಲೈನ್ ವ್ಯಾಪಾರದಲ್ಲಿ ದಾಖಲೆ ಉಳಿಯುತ್ತದೆ, ಹಿಡಿಯುವುದು ಸುಲಭ. ಬೀದಿಯ ವ್ಯಾಪಾರಕ್ಕೆ ಬೇಕಿರುವುದು ಇಲಾಖೆಗಳ ಓಡಾಟ. ಪೊಟ್ಟಣದ ಮೇಲೆ ತಯಾರಕರ ಇಲ್ಲವೆ ಆಮದುದಾರರ ಹೆಸರು, ವಿಳಾಸ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ವಿಧಿಸಿವೆ. ಅದನ್ನು ಪರಿಶೀಲಿಸಬೇಕಾದದ್ದು ಕಾನೂನು ಮಾಪನಶಾಸ್ತ್ರ ಇಲಾಖೆ. ಕೇಂದ್ರ ಸರ್ಕಾರವು ಸುರಕ್ಷತೆಗೆ ನಿರ್ಣಾಯಕವೆಂದು ಅಧಿಸೂಚಿಸಿದ ಭಾಗವು ನಿಗದಿತ ಮಟ್ಟದಲ್ಲಿರದಿದ್ದರೆ, ಅದನ್ನು ಮಾರಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಪ್ರತಿ ಭಾಗಕ್ಕೆ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ.

ಗ್ರಾಹಕನ ಪಾಲಿನ ಕೆಲಸವೂ ಇದೆ. ಸರಕಿಗೆ ತೆತ್ತ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಎರಡು ವರ್ಷಗಳ ಕಾಲಾವಕಾಶವಿದೆ. ಸಲಹೆಗೆ 1915 ಸಹಾಯವಾಣಿ ಇದೆ. ಸ್ವಂತ ಟ್ಯಾಕ್ಸಿ ಓಡಿಸಿ ಜೀವನ ನಡೆಸುವ ಚಾಲಕನೂ ಕಾನೂನಿನ ದೃಷ್ಟಿಯಲ್ಲಿ ಗ್ರಾಹಕನೇ. ಆದರೆ ಇದರ ಪ್ರಯೋಜನ ದೊರೆಯಬೇಕಿದ್ದರೆ ಅವನ ಕೈಯಲ್ಲಿ ಎರಡು ವಸ್ತುಗಳಿರಬೇಕು: ಅಂಗಡಿಯ ಹೆಸರುಳ್ಳ ರಸೀದಿ ಮತ್ತು ಮುರಿದ ಭಾಗ. ಗ್ಯಾರೇಜಿನಲ್ಲಿ ಬೆಲೆ ಕೇಳುವಾಗಲೇ ಬಿಲ್ಲನ್ನೂ ಕೇಳುವುದು ಲೇಸು. ಅಪಘಾತವಾದ ಮೇಲೆ ಅದನ್ನು ಬರೆದುಕೊಡುವವರು ಯಾರೂ ಇರುವುದಿಲ್ಲ.